ಪೆಟ್ಟಿಗೆಯ ಮೇಲೆ 1000, ಹಸುವಿನ ಮೇಲೆ 310: ಲೇಸರ್ ರೇಂಜ್‌ಫೈಂಡರ್ ನಿಜಕ್ಕೂ ಎಷ್ಟು ದೂರ ಅಳೆಯುತ್ತದೆ?

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಊರಿಗೆ ಬಂದ ಭಾವ ಈ ಸಲ ಅಂಗೈಯಗಲದ ಒಂದು ಪೆಟ್ಟಿಗೆ ತಂದಿದ್ದರು. ಒಳಗಿದ್ದದ್ದು ಬೈನಾಕ್ಯುಲರನ್ನು ಅರ್ಧಕ್ಕೆ ಸೀಳಿದಂಥ ಒಂದು ಸಾಮಾನು, ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್. ಒಂದೇ ಕಣ್ಣಿಟ್ಟು ನೋಡಬೇಕು, ಮೇಲೊಂದು ಗುಂಡಿ. ಪೆಟ್ಟಿಗೆಯ ಮೇಲೆ ದಪ್ಪ ಅಂಕಿಯಲ್ಲಿ 1000 ಎಂದು ಬರೆದಿತ್ತು. ಮಧ್ಯಾಹ್ನದ ಊಟ ಮುಗಿಸಿ ಐನ್‌ಮನೆಯ (ಕುಟುಂಬದ ಮೂಲ ಮನೆಯ) ಜಗಲಿಯಲ್ಲಿ ನಿಂತು, ಗದ್ದೆಯಾಚೆ ಬಾಣೆಯ (ಗದ್ದೆಗೆ ಸೇರಿದ ಗುಡ್ಡದ ಜಾಗದ) ಅಂಚಿನಲ್ಲಿ ಮೇಯುತ್ತಿದ್ದ ಹಸುವಿನ ಮೇಲೆ ಗುರಿಯಿಟ್ಟು ಗುಂಡಿ ಒತ್ತಿದರು. ಅಂಕಿಯ ಬದಲು ಮೂರು ಅಡ್ಡಗೆರೆ ಬಂದವು. ಇನ್ನೊಮ್ಮೆ ಒತ್ತಿದಾಗ 74 ಎಂದು ತೋರಿಸಿತು. ಆ ಹಸು ನಿಂತಿದ್ದದ್ದು ಏನಿಲ್ಲವೆಂದರೂ 400 ಮೀಟರ್ ಆಚೆ.

‘ಮೋಸ ಹೋದೆ’ ಎಂದರು ಭಾವ. ಪೂರ್ತಿ ಮೋಸವೇನೂ ಆಗಿರಲಿಲ್ಲ. ಆದರೆ ಅದು ಯಾಕೆ ಹಾಗೆ ಮಾಡಿತು ಎಂದು ಹೇಳಲು ಸ್ವಲ್ಪ ಬುಡದಿಂದಲೇ ಶುರು ಮಾಡಬೇಕು.

ಅದಕ್ಕೂ ಮೊದಲು ಒಂದು ಮಾತು. ಲೇಸರ್ ರೇಂಜ್‌ಫೈಂಡರ್‌ಗಳ ದೊಡ್ಡ ಮಾರುಕಟ್ಟೆ ಇರುವುದು ಅಮೆರಿಕ, ಯುರೋಪುಗಳ ಬೇಟೆಗಾರರಲ್ಲಿ. ಅಲ್ಲಿ ಪರವಾನಗಿ ಪಡೆದು, ಋತು ನೋಡಿ ಬೇಟೆಯಾಡಲು ಅವಕಾಶವಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಕೊಡುವ ಹಳೆಯ ಪದ್ಧತಿಯನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಇರುವ ವಿನಾಯಿತಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ಕಾಡಿಗೆ ಹೋಗುವುದಕ್ಕಲ್ಲ. ಹಾಗಾಗಿ ಮುಂದೆ ಬೇಟೆಯ ಮಾತು ಬಂದಲ್ಲೆಲ್ಲ ಅದು ಹೊರದೇಶದ ಮಾತು. ಸಾಮಾನಿನ ಗುಣ ಮಾತ್ರ ಎಲ್ಲಿ ಹೋದರೂ ಒಂದೇ.

ಕೂಗು ಹಾಕಿ ಮಾರ್ದನಿಗೆ ಕಾಯುವುದು

ಸುಗ್ಗಿಯ ಹಬ್ಬ ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತಾರಲ್ಲ, ಆ ಸದ್ದು ಎದುರಿನ ಬೆಟ್ಟಕ್ಕೆ ಬಡಿದು ಮರಳಿ ಬರುವುದನ್ನು ನೀವು ಕೇಳಿರುತ್ತೀರಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಗುಂಡು ಹಾರಿ ಎರಡು ಸೆಕೆಂಡಿಗೆ ಮಾರ್ದನಿ ಬಂದರೆ ಹೋಗಿ ಬಂದ ದಾರಿ 680 ಮೀಟರ್, ಅಂದರೆ ಬೆಟ್ಟ 340 ಮೀಟರ್ ದೂರದಲ್ಲಿದೆ.

ರೇಂಜ್‌ಫೈಂಡರ್ ಮಾಡುವುದೂ ಇದನ್ನೇ. ಸದ್ದಿನ ಜಾಗದಲ್ಲಿ ಬೆಳಕು ಇದೆ, ಅಷ್ಟೆ. ಗುಂಡಿ ಒತ್ತಿದಾಗ ಒಂದು ಚಿಕ್ಕ ಬೆಳಕಿನ ಮಿಡಿತ ಹೊರಡುತ್ತದೆ, ಎದುರಿಗೆ ಸಿಕ್ಕಿದ್ದಕ್ಕೆ ತಾಗಿ ಚದುರುತ್ತದೆ, ಅದರಲ್ಲಿ ಚೂರುಪಾರು ವಾಪಸ್ ಬರುತ್ತದೆ. ಹೊರಟದ್ದಕ್ಕೂ ಬಂದದ್ದಕ್ಕೂ ನಡುವಿನ ಸಮಯವನ್ನು ಒಳಗಿನ ಗಡಿಯಾರ ಎಣಿಸುತ್ತದೆ. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. 300 ಮೀಟರ್ ದೂರದ ಮರಕ್ಕೆ ಹೋಗಿ ಬರಲು ಅದಕ್ಕೆ ಬೇಕಾದದ್ದು ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಬರೀ ಎರಡು ಪಾಲು. ಒಂದು ಮೀಟರ್ ಹೆಚ್ಚುಕಡಿಮೆಯನ್ನು ಗುರುತಿಸಲು ಗಡಿಯಾರ ಸುಮಾರು 6.7 ನ್ಯಾನೊಸೆಕೆಂಡಿನ ವ್ಯತ್ಯಾಸವನ್ನು ಹಿಡಿಯಬೇಕು. ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು.

ಇದೇನೂ ನಿನ್ನೆಯ ಉಪಾಯವಲ್ಲ. ಮೊದಲ ಲೇಸರ್ ಬೆಳಗಿದ್ದು 1960ರ ಮೇ ತಿಂಗಳಲ್ಲಿ, ಥಿಯೊಡೋರ್ ಮೈಮನ್ ಅವರ ಕೈಯಲ್ಲಿ. ಅದಾದ ಸ್ವಲ್ಪದರಲ್ಲೇ ಸೇನೆಗಳು ಅದರಿಂದ ದೂರ ಅಳೆಯಲು ಹೊರಟವು. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಇಟ್ಟು ಬಂದ ಪ್ರತಿಫಲಕಕ್ಕೆ ಇಂದಿಗೂ ಭೂಮಿಯಿಂದ ಲೇಸರ್ ಬಿಡುತ್ತಾರೆ. ಹೋಗಿ ಬರಲು ಎರಡೂವರೆ ಸೆಕೆಂಡ್ ಹಿಡಿಯುತ್ತದೆ. ಜೇಬಿಗೆ ಹಿಡಿಯುವ, ಸಾಮಾನ್ಯರು ಕೊಳ್ಳಬಹುದಾದ ರೂಪಕ್ಕೆ ಇದು ಬಂದದ್ದು 1990ರ ದಶಕದಲ್ಲಿ.

ಬಡಗಿಗಳೂ ಎಂಜಿನಿಯರುಗಳೂ ಗೋಡೆಯ ಮೇಲೆ ಕೆಂಪು ಚುಕ್ಕೆ ಬೀಳಿಸಿ ಅಳೆಯುತ್ತಾರಲ್ಲ, ಅದು ಬೇರೆ ಜಾತಿ. ಅದು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತದೆ, ಆದರೆ ಕೋಣೆ, ಅಂಗಳಗಳ ದೂರಕ್ಕೆ ಮಾತ್ರ. ಭಾವನ ಸಾಮಾನಿನ ಲೇಸರ್ ಕಣ್ಣಿಗೆ ಕಾಣುವುದೇ ಇಲ್ಲ. ಇಂಥವುಗಳಲ್ಲಿ ಹೆಚ್ಚಿನವು ಬಳಸುವುದು 905 ನ್ಯಾನೊಮೀಟರ್ ತರಂಗಾಂತರದ ಅತಿಗೆಂಪು ಬೆಳಕನ್ನು. ಟಿವಿ ರಿಮೋಟಿನ ಬೆಳಕಿನ ಹತ್ತಿರದ ನೆಂಟ ಎನ್ನಬಹುದು.

ಸಾವಿರ ಎಂದರೆ ಯಾರ ಸಾವಿರ?

ಪೆಟ್ಟಿಗೆಯ ಮೇಲಿನ ಅಂಕಿ ಸುಳ್ಳಲ್ಲ. ಅದು ಯಾವುದರ ಮೇಲೆ ಅಳೆದದ್ದು ಎನ್ನುವುದು ಮಾತ್ರ ಸಣ್ಣಕ್ಷರದಲ್ಲಿ, ಒಳಗಿನ ಕಾಗದದಲ್ಲಿ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಮೂರು ಅಂಕಿ ಸಿಗುತ್ತವೆ: ಪ್ರತಿಫಲಕ, ಮರ, ಜಿಂಕೆ. ಪ್ರತಿಫಲಕ ಎಂದರೆ ರಾತ್ರಿ ಕಾರಿನ ಬೆಳಕಿಗೆ ಧಗ್ಗನೆ ಹೊಳೆಯುವ ರಸ್ತೆ ಫಲಕದಂಥದ್ದು, ಬಂದ ಬೆಳಕನ್ನು ಬಂದ ದಾರಿಗೇ ತಿರುಗಿಸಿ ಕಳಿಸುವ ಮೇಲ್ಮೈ. ಪೆಟ್ಟಿಗೆಯ ದೊಡ್ಡ ಅಂಕಿ ಅದರದ್ದು. ಮರದ ಅಂಕಿ ಅದಕ್ಕಿಂತ ಕಡಿಮೆ. ಜಿಂಕೆಯದ್ದು ಇನ್ನೂ ಕಡಿಮೆ, ಹಲವು ಸಲ ದೊಡ್ಡ ಅಂಕಿಯ ಅರ್ಧದಿಂದ ಮೂರರಲ್ಲೊಂದು ಭಾಗದ ನಡುವೆ ಎಲ್ಲೋ. ಸಾವಿರದ ಸಾಮಾನು ಎಂದು ಕೊಂಡವನಿಗೆ ರೋಮದ ಮೈ ಮೇಲೆ ಸಿಗುವುದು ನಾನೂರು. ಅದೂ ಹವೆ, ಬೆಳಕು, ಕೈ ಮೂರೂ ಅನುಕೂಲವಾಗಿದ್ದರೆ.

ಇನ್ನೊಂದು ಗುಟ್ಟು ಭಾವನಿಗೆ ಸಂಜೆ ಹೊತ್ತಿಗೆ ತಿಳಿಯಿತು. ಅದು ಸಾವಿರ ಮೀಟರ್ ಅಲ್ಲ, ಸಾವಿರ ಗಜ. ಸಾವಿರ ಗಜ ಎಂದರೆ 914 ಮೀಟರ್. ಪರದೆಯ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕ ಅಕ್ಷರವೊಂದು ಅದನ್ನು ಹೇಳುತ್ತಿತ್ತು, ನಮ್ಮಿಬ್ಬರಿಗೂ ಕನ್ನಡಕ ಬೇಕಾಗುವ ವಯಸ್ಸು.

ಕಿರಣ ದಾರದಂತೆ ಹೋಗುವುದಿಲ್ಲ

ಲೇಸರ್ ಎಂದರೆ ಎಳೆದು ಕಟ್ಟಿದ ದಾರದಂತೆ ನೆಟ್ಟಗೆ, ಸಣ್ಣಗೆ ಹೋಗುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆಂದು ತೋಟದಲ್ಲಿ ಸ್ಪ್ರಿಂಕ್ಲರ್ ಹಾಕುತ್ತೇವಲ್ಲ, ಅದರ ನೀರು ಬಾಯಿಯ ಹತ್ತಿರ ಬೆರಳಷ್ಟೇ ದಪ್ಪ. ಮುಂದೆ ಹೋದಂತೆ ಹರಡಿ ಹರಡಿ ಕೊನೆಗೆ ಹನಿಹನಿಯಾಗಿ ಬೀಳುತ್ತದೆ. ಲೇಸರ್ ಕಿರಣವೂ ಹಾಗೇ ಹರಡುತ್ತದೆ, ತುಂಬ ನಿಧಾನವಾಗಿ.

ಹರಡುವಿಕೆಯನ್ನು ಮಿಲಿರೇಡಿಯನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹೆಸರು ಕೇಳಿ ಹೆದರಬೇಕಿಲ್ಲ: ಒಂದು ಮಿಲಿರೇಡಿಯನ್ ಎಂದರೆ ಸಾವಿರ ಮೀಟರಿಗೆ ಒಂದು ಮೀಟರ್ ಅಗಲ. ಎರಡು ಮಿಲಿರೇಡಿಯನ್ ಹರಡುವ ಕಿರಣ 500 ಮೀಟರಿನಲ್ಲಿ ಒಂದು ಮೀಟರ್ ಅಗಲವಾಗಿರುತ್ತದೆ. ಸಾಧಾರಣ ಬೆಲೆಯವುಗಳಲ್ಲಿ ಗುರಿಯ ಮೇಲೆ ಬೀಳುವ ಈ ಬೆಳಕಿನ ಮಚ್ಚೆ ದುಂಡಗೂ ಇರುವುದಿಲ್ಲ, ಒಂದು ದಿಕ್ಕಿಗೆ ಎಳೆದ ಪಟ್ಟಿಯಂತಿರುತ್ತದೆ. ಒಳಗಿನ ಲೇಸರ್ ಡಯೋಡಿನ ಬಾಯಿಯೇ ಹಾಗೆ ಉದ್ದನೆಯ ಸೀಳು.

ಈಗ ಜಿಂಕೆಯ ಬೆನ್ನಿನಿಂದ ಎದೆಯ ತಳಕ್ಕೆ ಎಷ್ಟು? ಸುಮಾರು ಒಂದೂವರೆ ಅಡಿ. ಮೀಟರ್ ಅಗಲದ ಮಚ್ಚೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕು ಪ್ರಾಣಿಯ ಮೇಲೆ ಬೀಳುವುದೇ ಇಲ್ಲ, ಮುಂದಿನ ಹುಲ್ಲಿಗೂ ಹಿಂದಿನ ಏರಿಗೂ ಬೀಳುತ್ತದೆ. ದೊಡ್ಡ ಗೋಡೆಗೆ ಗುರಿಯಿಟ್ಟರೆ ದೂರ ಎರಡು ಪಟ್ಟಾದಾಗ ಮರಳುವ ಬೆಳಕು ನಾಲ್ಕರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಗುರಿ ಮಚ್ಚೆಗಿಂತ ಚಿಕ್ಕದಾದರೆ ಹದಿನಾರರಲ್ಲೊಂದಕ್ಕೆ ಇಳಿಯುತ್ತದೆ. ಗೋಡೆಯನ್ನು 600ರಲ್ಲಿ ಹಿಡಿದ ಸಾಮಾನು ಹಸುವನ್ನು 400ರಲ್ಲಿ ಬಿಟ್ಟುಬಿಡುವುದಕ್ಕೆ ಇದೇ ಮುಖ್ಯ ಕಾರಣ.

ಕೈ ನಡುಗುವುದನ್ನೂ ಸೇರಿಸಿಕೊಳ್ಳಿ. ಒಂದು ಮಿಲಿರೇಡಿಯನ್ ನಡುಕ ನಮಗೆ ನಡುಕ ಅನಿಸುವುದೇ ಇಲ್ಲ, ಆದರೆ 500 ಮೀಟರಿನಲ್ಲಿ ಅದು ಅರ್ಧ ಮೀಟರ್. ಜಗಲಿಯ ಕಂಬಕ್ಕೆ ಒರಗಿಸಿ ಒತ್ತಿದಾಗ ಭಾವನಿಗೆ ಅಡ್ಡಗೆರೆ ಬರುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಅಮೆರಿಕದ ಬಯಲುಗಳಲ್ಲಿ ದೂರದ ಬೇಟೆಗೆ ಹೋಗುವವರು ರೇಂಜ್‌ಫೈಂಡರನ್ನೂ ಟ್ರೈಪಾಡಿನ ಮೇಲೆ ಕೂರಿಸುವುದು ಶೋಕಿಗಲ್ಲ.

74 ಎಲ್ಲಿಂದ ಬಂತು

ಅಡ್ಡಗೆರೆ ಬಂದರೆ ನಷ್ಟವಿಲ್ಲ, ‘ನನಗೆ ಕಾಣಿಸಲಿಲ್ಲ’ ಎಂದು ಸಾಮಾನು ಒಪ್ಪಿಕೊಂಡಂತೆ. ತಪ್ಪು ಅಂಕಿಯನ್ನು ಸರಿಯಾದದ್ದರಂತೆ ತೋರಿಸಿದಾಗಲೇ ಪೇಚು. ನನ್ನ ಮಟ್ಟಿಗೆ ಈ ಸಾಮಾನಿನ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಇದು.

ಟೇಪ್ ಹಿಡಿದು ಜಗಲಿಯಿಂದ ಅಳೆದೆವು. 68 ಮೀಟರಿನಲ್ಲಿ ಒಂದು ಸಿಲ್ವರ್ ಓಕ್ ಮರ, ಅದರ ಒಂದು ರೆಂಬೆ ಹಸುವಿನ ಸಾಲಿಗೇ ಚಾಚಿತ್ತು. 68 ಮೀಟರ್ ಎಂದರೆ 74 ಗಜ. ಅಲ್ಲಿಗೆ ಅದು ಹೇಳಿದ್ದು ಸತ್ಯವೇ, ನಾವು ಕೇಳಿದ್ದರ ಬಗ್ಗೆ ಮಾತ್ರ ಅಲ್ಲ.

ಎಲೆಯಿಂದ ಇಂಥ ತೊಂದರೆ ಜಾಸ್ತಿ. ಹಸಿರೆಲೆ ನಮ್ಮ ಕಣ್ಣಿಗೆ ಕಡುಬಣ್ಣ. ಅತಿಗೆಂಪು ಬೆಳಕಿಗೆ ಅದು ಹೆಚ್ಚುಕಡಿಮೆ ಸುಣ್ಣ ಬಳಿದ ಹಾಗೆ, ಬಿದ್ದದ್ದರಲ್ಲಿ ಅರ್ಧದಷ್ಟನ್ನು ತಿರುಗಿಸಿ ಕಳಿಸುತ್ತದೆ. ಹತ್ತಿರದ ನಾಲ್ಕು ಎಲೆಗಳ ಮಾರ್ದನಿ ದೂರದ ಇಡೀ ಹಸುವಿನದ್ದಕ್ಕಿಂತ ಜೋರಾಗಿರಬಹುದು. ಇದಕ್ಕೆಂದೇ ಹಲವು ಸಾಮಾನುಗಳಲ್ಲಿ ಎರಡು ಬಗೆಯ ಹೊಂದಾಣಿಕೆ ಇರುತ್ತದೆ: ಮೊದಲು ತಾಗಿದ್ದನ್ನು ತೋರಿಸು, ಅಥವಾ ಕೊನೆಗೆ ತಾಗಿದ್ದನ್ನು ತೋರಿಸು. ಗಾಲ್ಫ್ ಆಡುವವರಿಗೆ ಮೊದಲನೆಯದು ಬೇಕು, ಅವರ ಬಾವುಟದ ಕೋಲಿನ ಹಿಂದೆ ಮರಗಳ ಸಾಲು ಇರುತ್ತದೆ. ಪೊದೆಯ ಸಂದಿನಿಂದ ನೋಡುವವರಿಗೆ ಎರಡನೆಯದು. ಆದರೆ ‘ಕೊನೆಯದು’ ಎಂದರೆ ಹಸುವೇ ಆಗಬೇಕಿಲ್ಲ. ಹಸುವಿನ ಹಿಂದಿನ ಏರಿಯೂ ಆಗಬಹುದು. ಮಿಡಿತಗಳನ್ನು ನೂರಾರು ಸಲ ಬಿಟ್ಟು ಯಾವ ದೂರದಿಂದ ಹೆಚ್ಚು ಉತ್ತರ ಬಂತೆಂದು ಲೆಕ್ಕ ಹಾಕುತ್ತದೆ ನಿಜ, ಆದರೆ ಅದಕ್ಕೆ ಹಸುವಿನ ಮತ್ತು ಏರಿಯ ಭೇದ ಗೊತ್ತಿಲ್ಲ.

ಬೇರೆ ಮೇಲ್ಮೈಗಳದ್ದೂ ತಮ್ಮ ತಮ್ಮ ಸ್ವಭಾವ. ಸುಣ್ಣದ ಗೋಡೆ ಒಳ್ಳೆಯ ಗುರಿ. ಡಾಂಬರು ರಸ್ತೆ ಕೆಟ್ಟದ್ದು, ಬೆಳಕನ್ನು ನುಂಗುತ್ತದೆ, ಮೇಲಾಗಿ ಓರೆಯಾಗಿ ಮಲಗಿರುತ್ತದೆ. ಹಾರಂಗಿ ಹಿನ್ನೀರಿನಂಥ ನಿಂತ ನೀರು ಕನ್ನಡಿಯಂತೆ ಬೆಳಕನ್ನು ಮುಂದಕ್ಕೆ ಚಿಮ್ಮಿಸಿಬಿಡುತ್ತದೆ, ನಮ್ಮತ್ತ ಏನೂ ಬರುವುದಿಲ್ಲ. ಒದ್ದೆಯಾದ ಮೈ ಒಣಗಿದ್ದಕ್ಕಿಂತ ಕಡಿಮೆ ಬೆಳಕು ಮರಳಿಸುತ್ತದೆ. ಇನ್ನು ರಾಜಾಸೀಟಿನಲ್ಲಿ ನಿಂತು ಎದುರಿನ ಬೆಟ್ಟಸಾಲಿಗೆ ಗುಂಡಿ ಒತ್ತುವವರು ಇದ್ದಾರೆ. ಕಿಲೋಮೀಟರುಗಟ್ಟಲೆ ದೂರದ್ದನ್ನು ಅಳೆಯುವುದು ಈ ಜೇಬಿನ ಸಾಮಾನಿನ ಕೆಲಸವಲ್ಲ.

ಬಿಸಿಲು ಕೆಟ್ಟದ್ದು, ಮಂಜು ಇನ್ನೂ ಕೆಟ್ಟದ್ದು

ಎಲ್ಲರೂ ತಲೆಕೆಳಗಾಗಿ ತಿಳಿದಿರುವ ವಿಷಯ ಇದು. ಬೆಳಕು ಚೆನ್ನಾಗಿದ್ದರೆ ಅಳತೆಯೂ ಚೆನ್ನಾಗಿ ಬರುತ್ತದೆ ಎಂದುಕೊಳ್ಳುತ್ತೇವೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ 905 ನ್ಯಾನೊಮೀಟರ್ ಬೆಳಕೂ ಧಾರಾಳವಾಗಿ ಇರುತ್ತದೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಳ್ಳುವಂತೆ, ಆ ಬಿಸಿಲಿನ ನಡುವೆ ತನ್ನ ಚಿಟಿಕೆ ಬೆಳಕನ್ನು ಸಾಮಾನು ಹುಡುಕಬೇಕು. ಅದಕ್ಕೆ ಬೇಕಾದ ಬಣ್ಣವನ್ನು ಮಾತ್ರ ಬಿಡುವ ಸೋಸುಗಾಜು ಮುಂದೆ ಇರುತ್ತದೆ, ಆದರೂ ಪೂರ್ತಿ ಸೋಸಲಾಗದು. ಮುಂಜಾನೆ, ಮುಸ್ಸಂಜೆ, ಮೋಡದ ದಿನ, ಇವು ಒಳ್ಳೆಯ ಹೊತ್ತು. ಭಾವ ಪರೀಕ್ಷೆ ಮಾಡಿದ್ದು ಊಟದ ನಂತರ, ಮಳೆ ಬಿಟ್ಟು ಸುರಿದ ಚುರುಕು ಬಿಸಿಲಿನಲ್ಲಿ.

ಮಂಜು ಬಂದರೆ ಆಟ ಮುಗಿದಂತೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ದಟ್ಟ ಮಂಜಿನಲ್ಲಿ ಹೈಬೀಮ್ ಹಾಕಿದರೆ ಏನಾಗುತ್ತದೆಂದು ಓಡಿಸುವವರಿಗೆ ಗೊತ್ತು: ರಸ್ತೆ ಕಾಣುವ ಬದಲು ಎದುರಿಗೆ ಬಿಳಿ ಗೋಡೆ ಏಳುತ್ತದೆ. ರೇಂಜ್‌ಫೈಂಡರಿಗೆ ಆಗುವುದೂ ಅದೇ. ಬೆಳಕು ಹನಿಗಳಿಗೆ ತಾಗಿ ಹತ್ತಿರದಿಂದಲೇ ಮರಳುತ್ತದೆ, ಪರದೆಯ ಮೇಲೆ 15, 20 ಎಂಬಂಥ ಅಂಕಿ ಬರುತ್ತದೆ. ಅತಿಗೆಂಪು ಬೆಳಕು ಮಂಜನ್ನು ತೂರಿ ಹೋಗುತ್ತದೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ; ಮಂಜಿನ ಹನಿಗಳು ಆ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು, ಕಣ್ಣಿಗೆ ಕಾಣುವ ಬೆಳಕನ್ನು ಚದುರಿಸಿದಂತೆ ಇದನ್ನೂ ಚದುರಿಸುತ್ತವೆ. ಅಲ್ಲದೆ ಬೆಳಕು ಮಂಜನ್ನು ಎರಡು ಸಲ ದಾಟಬೇಕು. ಹೋಗುವಾಗ ಅರ್ಧ ಉಳಿದರೆ ಬರುವಾಗ ಅದರ ಅರ್ಧ, ಅಂದರೆ ಕಾಲು ಭಾಗ. ಕೆಲವಕ್ಕೆ ಮಳೆಗೆಂದು ಹೊಂದಾಣಿಕೆ ಇದೆ, ಹತ್ತಿರದಿಂದ ಬಂದ ಉತ್ತರಗಳನ್ನು ಅದು ಕಡೆಗಣಿಸುತ್ತದೆ. ತುಂತುರು ಮಳೆಗೆ ಅದು ಸರಿ. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಕೊಡಗಿಗೆ ಸಾಲದು.

ದುಬಾರಿ ಬೆಲೆಯ, ಸೇನೆಯವರು ಬಳಸುವಂಥ ಕೆಲವು ಸಾಮಾನುಗಳು 1550 ನ್ಯಾನೊಮೀಟರ್ ಬೆಳಕನ್ನು ಬಳಸುತ್ತವೆ. ಆ ಬೆಳಕನ್ನು ಕಣ್ಣಿನ ಮುಂಭಾಗವೇ ಹೀರಿಕೊಳ್ಳುವುದರಿಂದ ಅದು ಅಕ್ಷಿಪಟಲವನ್ನು ತಲುಪುವುದಿಲ್ಲ, ಹಾಗಾಗಿ ಹೆಚ್ಚು ಶಕ್ತಿಯ ಮಿಡಿತ ಬಿಡಬಹುದು. ಅವೂ ದಟ್ಟ ಮಂಜಿಗೆ ಸೋಲುತ್ತವೆ.

ಇಳಿಜಾರಿನ ಲೆಕ್ಕ

ಕೊಡಗಿನಲ್ಲಿ ಸಮತಟ್ಟು ಎಂದರೆ ಗದ್ದೆ ಮಾತ್ರ. ಮೇಲಿನಿಂದ ಕೆಳಗೆ ನೋಡಿ ಅಳೆದರೆ ಸಾಮಾನು ಹೇಳುವುದು ಓರೆಯ ದೂರ, ಏಣಿಯ ಉದ್ದವಿದ್ದಂತೆ. ಕೋವಿಯ ಗುಂಡು ದಾರಿಯಲ್ಲಿ ಎಷ್ಟು ಕೆಳಗಿಳಿಯುತ್ತದೆ ಎಂಬ ಲೆಕ್ಕಕ್ಕೆ ಬೇಕಾದದ್ದು ಏಣಿಯ ಬುಡದಿಂದ ಗೋಡೆಗಿರುವ ಅಡ್ಡದೂರ. ಭೂಮಿಯ ಸೆಳೆತ ಕೆಳಮುಖವಾಗಿ ಎಳೆಯುವುದರಿಂದ, ಆ ಸೆಳೆತ ಗುಂಡನ್ನು ದಾರಿಯಿಂದ ಎಷ್ಟು ಸರಿಸುತ್ತದೆ ಎನ್ನುವುದನ್ನು ಹೆಚ್ಚುಕಡಿಮೆ ಆ ಅಡ್ಡದೂರವೇ ನಿರ್ಧರಿಸುತ್ತದೆ. 25 ಡಿಗ್ರಿ ಇಳಿಜಾರಿನಲ್ಲಿ ಓರೆ ದೂರ 300 ಮೀಟರ್ ಇದ್ದರೆ ಅಡ್ಡದೂರ 272. 30 ಡಿಗ್ರಿಯಲ್ಲಿ 400 ಇದ್ದದ್ದು 346 ಆಗುತ್ತದೆ. ಓರೆ ಅಳೆಯುವ ಸಂವೇದಕ ಇರುವ ಸಾಮಾನುಗಳು ಇದನ್ನು ತಾವೇ ಲೆಕ್ಕ ಹಾಕಿ ತೋರಿಸುತ್ತವೆ.

20 ಮೀಟರ್ ತಪ್ಪಿದರೆ ಏನಂತೆ?

ಹತ್ತಿರದಲ್ಲಿ ಏನೂ ಇಲ್ಲ. ಸಾಮಾನ್ಯ ರೈಫಲಿನ ಗುಂಡು 200 ಮೀಟರಿನಲ್ಲಿ ಬಹುಮಟ್ಟಿಗೆ ನೆಟ್ಟಗೇ ಹೋಗುತ್ತಿರುತ್ತದೆ. ದೂರವನ್ನು 20 ಮೀಟರ್ ತಪ್ಪಾಗಿ ತಿಳಿದರೂ ಗುಂಡು ಬೀಳುವ ಜಾಗ ಎರಡು ಬೆರಳಿನಷ್ಟು ಸರಿಯುತ್ತದೆ. 600 ಮೀಟರಿಗೆ ಹೋಗುವಾಗ ಗುಂಡು ವೇಗ ಕಳೆದುಕೊಂಡು ಇಳಿಮುಖವಾಗಿರುತ್ತದೆ. ಅದೇ 20 ಮೀಟರಿನ ತಪ್ಪು ಅಲ್ಲಿ ಸುಮಾರು ಒಂದು ಗೇಣು. ಎದೆಗೆ ಇಟ್ಟ ಗುರಿ ಕಾಲಿಗೆ ತಾಗುತ್ತದೆ, ಪ್ರಾಣಿ ಸಾಯದೆ ನರಳುತ್ತ ಓಡುತ್ತದೆ. ದೂರದ ಬೇಟೆ ಸರಿಯೇ ಎಂಬ ವಾದ ಆ ದೇಶಗಳಲ್ಲೇ ಬೇಟೆಗಾರರ ನಡುವೆ ನಡೆಯುತ್ತಿರುವುದಕ್ಕೆ ಇದೂ ಒಂದು ಕಾರಣ. ಅಂದಹಾಗೆ ದೂರ ಸರಿಯಾಗಿ ಗೊತ್ತಾದರೂ ನಡುವಿನ ಗಾಳಿಯನ್ನು ರೇಂಜ್‌ಫೈಂಡರ್ ಅಳೆಯುವುದಿಲ್ಲ.

ನಮ್ಮ ಮನೆಗಳ ಜೋಡಿನಳಿಗೆ ಕೋವಿಗೆ ಈ ಯಾವ ಲೆಕ್ಕವೂ ಬೇಡ. ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ದೂರವನ್ನು ಟೇಪು ಹಿಡಿದು ಅಳೆದಿರುತ್ತಾರೆ.

ಹಾಗಾದರೆ ಇಲ್ಲಿ ಇದರಿಂದ ಏನು ಉಪಯೋಗ?

ನಿಜವಾದ ಉಪಯೋಗ ಒಂದು ಕಡೆ ಇದೆ. ತೋಟಕ್ಕೆ ನುಗ್ಗಿದ ಆನೆಗೆ ಅರಿವಳಿಕೆ ಚುಚ್ಚುಮದ್ದು ಹಾರಿಸುವ ಕೋವಿಯಲ್ಲಿ ಅನಿಲದ ಒತ್ತಡವನ್ನು ದೂರಕ್ಕೆ ತಕ್ಕಂತೆ ಹೊಂದಿಸಬೇಕು. ಒತ್ತಡ ಹೆಚ್ಚಾದರೆ ಸೂಜಿ ಆಳಕ್ಕೆ ಹೊಕ್ಕು ಗಾಯವಾಗುತ್ತದೆ, ಕಡಿಮೆಯಾದರೆ ಮುಟ್ಟುವ ಮೊದಲೇ ಬೀಳುತ್ತದೆ. ಆ ಕೆಲಸದ ದೂರ ಕೆಲವು ಹತ್ತು ಮೀಟರ್ ಅಷ್ಟೇ, ಆನೆಯ ಮೈಯೋ ದೊಡ್ಡ ಗುರಿ. ಸಾಮಾನಿಗೆ ಸುಲಭದ ಕೆಲಸ ಎನ್ನಬೇಕು, ಆದರೆ ಕಾಫಿ ಗಿಡ, ಮೆಣಸಿನ ಬಳ್ಳಿ ಹಬ್ಬಿದ ಮರ, ಎಲೆಗಳ ಸಂದು ಎಲ್ಲವೂ ಅಲ್ಲಿಯೂ ಅಡ್ಡ ಬರುತ್ತವೆ.

ಉಳಿದಂತೆ ಗಾಲ್ಫ್ ಆಡುವವರಿಗೆ, ಸೋಲಾರ್ ಬೇಲಿಗೆ ತಂತಿ ಎಷ್ಟು ಬೇಕೆಂದು ಅಂದಾಜು ಮಾಡುವವರಿಗೆ ಅನುಕೂಲ. ಸರ್ವೆಗೆ ನಡೆಯುವುದಿಲ್ಲ, ಒಂದು ಮೀಟರ್ ಹೆಚ್ಚುಕಡಿಮೆ ಎಂಬ ಮಾತನ್ನು ಪಕ್ಕದ ತೋಟದವರು ಒಪ್ಪುವುದಿಲ್ಲ.

ಇಟ್ಟುಕೊಳ್ಳುವ ಬಗ್ಗೆಯೂ ಎಚ್ಚರ ಬೇಕು. ನಮ್ಮ ಮಳೆಗಾಲದ ತೇವಕ್ಕೆ ಕ್ಯಾಮೆರಾ, ಬೈನಾಕ್ಯುಲರ್‌ಗಳ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದಲ್ಲ, ಇದಕ್ಕೂ ಹಿಡಿಯಬಹುದು. ಬೂಷ್ಟು ಹಿಡಿದ ಗಾಜು ಬರುವ ಚೂರು ಬೆಳಕನ್ನೂ ತಡೆಯುತ್ತದೆ. ಸಿಲಿಕಾ ಜೆಲ್ ಚೀಲದೊಂದಿಗೆ ಬಿಗಿ ಮುಚ್ಚಳದ ಡಬ್ಬದಲ್ಲಿಡಬೇಕು. ಹಲವಕ್ಕೆ ಬೇಕಾದ ಸಿಆರ್2 ಸೆಲ್ ಗಡಿಯಾರದ ಸೆಲ್ಲಿನಂತೆ ಊರಂಗಡಿಯಲ್ಲಿ ಕೇಳಿದೊಡನೆ ಸಿಗುವಂಥದ್ದಲ್ಲ.

ಮನೆಯಂಗಳದ ಪರೀಕ್ಷೆ

ಕಣ್ಣಿಟ್ಟಾಗ ಒಳಗೆ ಕಾಣುವ ಗುರಿಗೆರೆ ತೋರಿಸುವ ಜಾಗಕ್ಕೇ ಲೇಸರ್ ಹೋಗುತ್ತಿದೆಯೇ ಎಂದು ನೋಡಲು ಒಂದು ಸುಲಭ ದಾರಿಯಿದೆ. ಆಕಾಶಕ್ಕೆ ಎದುರಾಗಿ ನಿಂತ ಒಂಟಿ ಕರೆಂಟ್ ಕಂಬ ಹುಡುಕಿ, ಹಿಂದೆ ಮರ, ಬೆಟ್ಟ ಯಾವುದೂ ಇರಬಾರದು. ಸಾಮಾನನ್ನು ಅಲುಗದಂತೆ ಒರಗಿಸಿ, ಅಳತೆ ಬಿಡದೆ ತೋರಿಸುವ ಸ್ಕ್ಯಾನ್ ಹೊಂದಾಣಿಕೆಯಲ್ಲಿಟ್ಟು, ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ. ಅಂಕಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗುರುತು ಮಾಡಿಕೊಳ್ಳಿ. ಆಮೇಲೆ ಕಂಬದ ತುದಿಯಲ್ಲಿ ಮೇಲೆ ಕೆಳಗೆ ಅದನ್ನೇ ಮಾಡಿ. ಮಚ್ಚೆಯ ಅಗಲವೂ ತಿಳಿಯುತ್ತದೆ, ಗುರಿಗೆರೆಗಿಂತ ಯಾವ ಪಕ್ಕಕ್ಕೆ ವಾಲಿದೆ ಎನ್ನುವುದೂ ತಿಳಿಯುತ್ತದೆ. ಭಾವನದ್ದು ಬಲಕ್ಕೆ ಸ್ವಲ್ಪ ವಾಲಿತ್ತು. ಸಿಲ್ವರ್ ಮರದ ರೆಂಬೆ ಇದ್ದದ್ದೂ ಬಲಕ್ಕೇ.

ಮರುದಿನ ಆರೂವರೆಗೆ, ಬಿಸಿಲು ಬರುವ ಮೊದಲು, ಮೀಟರಿಗೆ ಬದಲಾಯಿಸಿ ಜಗಲಿಯ ಕಂಬಕ್ಕೆ ಒರಗಿಸಿ ಮತ್ತೆ ಅಳೆದೆವು. ಗದ್ದೆಯಾಚೆಯ ಮನೆಯ ಸುಣ್ಣದ ಗೋಡೆ 590, ಒಂದೇ ಒತ್ತಿಗೆ. ಅದೇ ಹಸು ಬಾಣೆಯಿಂದ ಇಳಿದು ಬರುತ್ತಿತ್ತು. ನಾಲ್ಕು ಸಲ ಅಡ್ಡಗೆರೆ, ಐದನೆಯ ಸಲ 310, ಆಮೇಲೆ ತಪ್ಪದೆ 302, 295. ಭಾವ ಒಳಗೆ ಹೋಗಿ ಪೆನ್ಸಿಲ್ ತಂದು, ಪೆಟ್ಟಿಗೆಯ ಮೇಲಿನ 1000ದ ಕೆಳಗೆ ಬರೆದರು: ‘ಹಸು, ಬೆಳಿಗ್ಗೆ, 310’.